ಸೌಟು ಹಿಡಿದ ಕೈ

ನಾರ್ತ್ ಶಾಫ್ಟ್, ಮಿಷಿಗನ್
12 ಆಗಸ್ಟ್ 1979, ಭಾನುವಾರ

ಪ್ರೀತಿಯ ಮಗಳು ಹೆಲ್ಮಿಗೆ,

ಈ ಸುದ್ದಿಯನ್ನು ನನಗೆ ಮೊದಲು ಹೇಳಿದವನು ನಮ್ಮ ತಂಡದ ಪೆನ್‌ಹೇಲ್, ಹೋದ ಮಂಗಳವಾರ. ನಾನು ಹಿತ್ತಲಲ್ಲಿ ಹಬೆಸ್ನಾನದ ಸೌನಾದ ಒಲೆಗೆ ಬರ್ಚ್ ಸೌದೆ ಸೀಳುತ್ತಿದ್ದೆ. ಅವನು ಬಂದು ಬೇಲಿಯ ಮೇಲೆ ಹೊಟ್ಟೆಯಿಟ್ಟು ನಿಂತ. ಬೇಲಿ ನರಳಿತು. "ಐನಾರ್, ಮೊದ್ಲು ಆ ಕೊಡಲಿ ಕೆಳಗಿಡು. ನಾನು ಹೇಳೋದು ಕೇಳಿ ಕಾಲ್ಮೇಲೆ ಹಾಕ್ಕೊಂಡೀಯ" ಅಂದ.

ಅವನು ಹೇಳಿದ್ದು ಇಷ್ಟು. ಬೇಕರಿಯ ಮುದುಕ ಫಾಬ್ರಿಯ ಮೊಮ್ಮಗ ರೆಂಜೊ ಕಾಲೇಜು ಅರ್ಧಕ್ಕೆ ಬಿಟ್ಟು ಊರಿಗೆ ಬಂದಿದ್ದಾನೆ. ಸೋಮವಾರ ಸಂಜೆ ತಂಡ ಫುಟ್‌ಬಾಲ್ ಅಭ್ಯಾಸ ಮಾಡುತ್ತಿದ್ದ ಮೈದಾನಕ್ಕೆ ಬಂದು, ನಾನೂ ಒಂದು ಸಲ ಎಸೆಯಲೇ ಎಂದು ಕೇಳಿದನಂತೆ. ಎಸೆದ ಚೆಂಡು ಪಂಪ್‌ಹೌಸಿನ ಚಾವಣಿ ದಾಟಿ ಆಚೆಯ ಪೊದೆಗೆ ಬಿತ್ತಂತೆ. ಪೆನ್‌ಹೇಲ್ ಹೇಳಿದ್ದರಲ್ಲಿ ಅರ್ಧ ಕಳೆದು ನಂಬುವುದು ನನ್ನ ಅಭ್ಯಾಸ. ಮರುದಿನ ನಾನೇ ಹೋಗಿ ನೋಡಿದೆ. ಕಳೆಯುವುದಕ್ಕೆ ಏನೂ ಇರಲಿಲ್ಲ.

ಆವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಒಬ್ಬನೇ. ಸಾಲಿನ ಹಿಂದೆ ನಿಂತು, ಕೂಗು ಹಾಕಿ, ಚೆಂಡು ತೆಗೆದುಕೊಂಡು, ಎಸೆಯುವುದೋ ಪಕ್ಕದವನಿಗೆ ಕೊಡುವುದೋ ತಾನೇ ಓಡುವುದೋ ಎಂದು ರೆಪ್ಪೆ ಬಡಿಯುವಷ್ಟರಲ್ಲಿ ತೀರ್ಮಾನಿಸಬೇಕಾದವನು. ಹದಿನಾಲ್ಕು ವರ್ಷದಿಂದ ನಮ್ಮೂರಿಗೆ ಅವನು ನಿನ್ನ ಗಂಡ ಆರ್ವೋ. ಅವನ ಕೂಗು ಕೇಳಿದರೆ ನಮ್ಮ ಹಳಬರು ನಿದ್ದೆಯಲ್ಲೂ ಎದ್ದು ಮುನ್ನುಗ್ಗುತ್ತಾರೆ. ರೆಂಜೊನ ಕೂಗಿಗೆ ನಿನ್ನೆ ಅರ್ಧ ಜನ ನುಗ್ಗಿದರು, ಅರ್ಧ ಜನ ಬಗ್ಗಿಯೇ ನಿಂತಿದ್ದರು. ಹುಡುಗನಿಗೆ ತೋಳಿದೆ, ದನಿಯಿಲ್ಲ. ಆರ್ವೋಗೆ ದನಿಯಿದೆ, ಬರುವ ತಿಂಗಳು ಮೂವತ್ತೊಂಬತ್ತೂ ತುಂಬುತ್ತದೆ.

ನಾನು ಆಡುತ್ತಿದ್ದಾಗ ಸೆಂಟರ್ ಆಗಿದ್ದೆ, ಈಗ ಪೆನ್‌ಹೇಲ್ ಮಾಡುತ್ತಾನಲ್ಲ, ಆ ಕೆಲಸ. ಬಗ್ಗಿ ನಿಂತು ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಟ್ಟರೆ ಮುಗಿಯಿತು. ಹಿಂದೆ ನಿಂತವನು ಮುದುಕನೋ ಹುಡುಗನೋ ಎಂದು ಯೋಚಿಸುವ ತಲೆನೋವು ಇರಲಿಲ್ಲ. ಯಾಕಾದರೂ ಸೊಂಟ ನೆಟ್ಟಗೆ ಮಾಡಿಕೊಂಡು ಕೋಚ್ ಆದೆನೋ.

ಆರ್ವೋ ಚೆನ್ನಾಗಿದ್ದಾನೆ. ಕರೆಂಟು ಕಂಬ ಹತ್ತುತ್ತಾನೆ, ಇಳಿಯುತ್ತಾನೆ. ಭಾನುವಾರ ಊಟಕ್ಕೆ ಬರುತ್ತಾನೆ. ನಿನ್ನ ಸುದ್ದಿ ಕೇಳುವುದಿಲ್ಲ, ಆದರೆ ನಿನ್ನ ಕಾಗದ ಮೇಜಿನ ಮೇಲಿದ್ದರೆ ಆ ಕಡೆಯ ಕುರ್ಚಿಯಲ್ಲೇ ಕೂರುತ್ತಾನೆ. ಗಂಡನಿಗೆ ಒಂದು ಸಾಲೂ ಬರೆಯದೆ ಏಪ್ರಿಲಿನಿಂದ ನೀನು ಅದಿರಿನ ಹಡಗಿನಲ್ಲಿ ಅಡುಗೆ ಮಾಡುತ್ತಿರುವುದು ಯಾಕೆಂದು ನಾನು ಕೇಳುವುದಿಲ್ಲ. ಕೇಳಲಿಲ್ಲ ಎಂಬುದು ನಿನ್ನ ನೆನಪಿನಲ್ಲಿರಲಿ.

ನಿನ್ನ ಅಪ್ಪ,
ಐನಾರ್


ಹಡಗಿನಿಂದ, ಹ್ಯೂರನ್ ಸರೋವರ
30 ಆಗಸ್ಟ್

ಅಪ್ಪಾ,

ನಿನ್ನ ಕಾಗದ ಡೆಟ್ರಾಯಿಟ್ ನದಿಯಲ್ಲಿ ಸಿಕ್ಕಿತು. ಅಂಚೆ ದೋಣಿ ಹಡಗಿನ ಪಕ್ಕೆಗೆ ಬರುತ್ತದೆ, ಮೇಲಿನಿಂದ ನಮ್ಮವರು ಹಗ್ಗ ಕಟ್ಟಿದ ಬಕೆಟ್ ಬಿಡುತ್ತಾರೆ. ಹಡಗು ನಿಲ್ಲುವುದಿಲ್ಲ. ಬಕೆಟ್ ಮೇಲೆ ಬಂದಾಗ ಎಲ್ಲರೂ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನನಗೆ ಒಂದೇ ಕಾಗದ, ಯಾವಾಗಲೂ ಒಂದೇ ಕೈಬರಹ. "ಅಕ್ಕಾ, ನಿಮ್ಮಪ್ಪ ಬಿಟ್ರೆ ಊರಲ್ಲಿ ಬೇರೆ ಯಾರಿಗೂ ಬರೆಯೋಕೆ ಬರಲ್ವಾ" ಎಂದು ಹುಡುಗರು ರೇಗಿಸುತ್ತಾರೆ. ನಾನು ಅವರ ತಟ್ಟೆಗೆ ಮಾಂಸ ಕಡಿಮೆ ಹಾಕುತ್ತೇನೆ.

ನೀನು ಕೇಳಲಿಲ್ಲ, ಆದ್ದರಿಂದ ನಾನು ಹೇಳುವುದಿಲ್ಲ. ಆದರೆ ಕೋಚ್ ಆಗಿ ಕೇಳುತ್ತಿದ್ದರೆ ಇಷ್ಟು ಹೇಳಬಲ್ಲೆ. ಕೂಗುವುದನ್ನು ಕಲಿಸಬಹುದು, ತೋಳನ್ನು ಕಲಿಸಲಾಗುವುದಿಲ್ಲ.

ಮೊನ್ನೆ ಸುಪೀರಿಯರ್ ಸರೋವರದಿಂದ ಕೆಳಗಿನ ಹ್ಯೂರನ್‌ಗೆ ಸೂ ಲಾಕ್ ಇಳಿದೆವು. ಹಡಗನ್ನು ಆ ಗೋಡೆಗಳ ನಡುವೆ ನಿಲ್ಲಿಸಿ ನೀರು ಇಳಿಸುತ್ತಾರಲ್ಲ, ಆ ಹೊತ್ತಿನಲ್ಲಿ ದಡದ ಬೇಲಿಯ ಹತ್ತಿರ ನಾವಿಕರ ಮನೆಯವರು ಬಂದು ನಿಂತಿರುತ್ತಾರೆ. ಮೊದಲು ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಾರೆ. ಹಡಗು ಇಳಿದ ಹಾಗೆ ಬಗ್ಗಿ ಮಾತಾಡುತ್ತಾರೆ. ಆಮೇಲೆ ಕೂಗುತ್ತಾರೆ. ಎಂಜಿನ್ ರೂಮಿನವನೊಬ್ಬನ ಹೆಂಡತಿ ಹೊಸ ಮಗುವನ್ನು ಎತ್ತಿ ತೋರಿಸಿದಳು. ನಾನು ಆಲೂಗಡ್ಡೆ ಸುಲಿಯುವ ನೆವ ಮಾಡಿಕೊಂಡು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದೆ. ಆವತ್ತು ಸುಲಿದ ಆಲೂಗಡ್ಡೆ ಹೆಚ್ಚಾಗಿ ಉಳಿಯಿತು.

ನಿನ್ನ,
ಹೆಲ್ಮಿ


ನಾರ್ತ್ ಶಾಫ್ಟ್
9 ಸೆಪ್ಟೆಂಬರ್, ಭಾನುವಾರ

ಪ್ರೀತಿಯ ಹೆಲ್ಮಿಗೆ,

ನಿನ್ನೆಯ ಮೊದಲ ಆಟ ಗೆದ್ದೆವು. ಆದರೆ ಊರಿನಲ್ಲಿ ಅದರ ಮಾತಿಲ್ಲ. ಶುಕ್ರವಾರದ ಸೌನಾದ್ದೇ ಮಾತು. ನಕ್ಕು ನಕ್ಕು ಪೆನ್‌ಹೇಲ್‌ಗೆ ಪಕ್ಕೆ ಹಿಡಿದುಕೊಂಡಿದೆ.

ಆಟದ ಹಿಂದಿನ ಸಂಜೆ ನಮ್ಮ ಸೌನಾದಲ್ಲಿ ಏನು ನಡೆಯುತ್ತದೆಂದು ನೀನು ಚಿಕ್ಕವಳಿದ್ದಾಗಿನಿಂದ ಗೋಡೆಯ ಆಚೆಯಿಂದ ಕೇಳಿದ್ದೀಯ. ತಂಡವೆಲ್ಲ ಒಳಗೆ ಕೂರುತ್ತದೆ. ಬಾಗಿಲ ಮೊಳೆಗೆ ತೂಗುಹಾಕಿದ ಮರದ ಸೌಟನ್ನು ಕೋಚ್ ತೆಗೆದು ಒಬ್ಬನ ಕೈಗೆ ಕೊಡುತ್ತಾನೆ. ಅವನು ಬಕೆಟ್ಟಿನ ನೀರನ್ನು ಕಾದ ಕಲ್ಲಿಗೆ ಹಾಕುತ್ತಾನೆ. ಮರುದಿನದ ಕ್ವಾರ್ಟರ್‌ಬ್ಯಾಕ್ ಅವನೇ. ನನ್ನಪ್ಪನ ಕಾಲದಿಂದಲೂ ಹೀಗೆ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ, ನೀರು ಹೇಳುತ್ತದೆ.

ಶುಕ್ರವಾರ ನಾನು ಇನ್ನೂ ತೀರ್ಮಾನ ಮಾಡಿರಲಿಲ್ಲ. ಎಲ್ಲರೂ ಒಳಗೆ ಹೋದರೂ ನಾನು ಹೊರಗೆ ಸೌದೆ ಸೀಳುತ್ತಲೇ ಇದ್ದೆ. ಚಳಿಗಾಲಕ್ಕೆ ಸಾಕಾಗುವಷ್ಟು ಸೀಳಿದೆನೆಂದು ಕಾಣುತ್ತದೆ. ಒಳಗೆ ರೆಂಜೊ ಬಾಗಿಲ ಪಕ್ಕದ ಕೆಳಹಲಗೆಯಲ್ಲಿ ಬೇಯುತ್ತಿದ್ದ. ಬೇಕರಿಯ ಒಲೆಯ ಮುಂದೆ ಬೆಳೆದವನಾದರೂ ಅವನು ಒಲೆಯ ಒಳಗೆ ಕೂತವನಲ್ಲ. ಕಲ್ಲು ಕೆಂಪಗಿದೆ, ಪಕ್ಕದಲ್ಲಿ ತಣ್ಣೀರಿದೆ, ಮೊಳೆಯಲ್ಲಿ ಸೌಟಿದೆ. ಈ ಗಂಡಸರಿಗೆ ಎದ್ದು ಅದನ್ನು ಆರಿಸಲೂ ಸೋಮಾರಿತನ ಎಂದುಕೊಂಡನಂತೆ. ಎದ್ದ, ಸೌಟು ತುಂಬಿಸಿ ಕಲ್ಲಿನ ನಡುಮಧ್ಯಕ್ಕೆ ಹಾಕಿದ. ಸಾಲದೆಂದು ಇನ್ನೊಂದು ಹಾಕಿದ.

ನಾನು ಹೊರಗಿನಿಂದ ಕಂಡದ್ದು ಬಾಗಿಲು ಒದ್ದು ತೆರೆದದ್ದು, ಹಬೆಯ ಜೊತೆ ಒಂದು ಇಡೀ ತಂಡ ಮೈಮೇಲೆ ನೂಲಿಲ್ಲದೆ ಕೆರೆಯ ಕಡೆಗೆ ಓಡಿದ್ದು. ಎಲ್ಲರಿಗಿಂತ ಮುಂದೆ ಪೆನ್‌ಹೇಲ್. ಆಟದಲ್ಲಿ ಅವನು ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ಆ ಹೊತ್ತಿಗೇ ದೋಣಿಯಲ್ಲಿ ಹೋಗುತ್ತಿದ್ದ ಪಾದ್ರಿಯ ಹೆಂಡತಿ ಮುಖ ಆಚೆ ತಿರುಗಿಸಿಕೊಂಡು ಎರಡು ಪಟ್ಟು ಜೋರಾಗಿ ಹುಟ್ಟು ಹಾಕಿದಳು. ಆರ್ವೋ ಒಬ್ಬನೇ ಮೇಲಿನ ಹಲಗೆ ಬಿಟ್ಟು ಏಳಲಿಲ್ಲ. ಅಲ್ಲೇ ಕೂತು ನಗುತ್ತಿದ್ದ.

ಒದ್ದೆ ಮೈಯಲ್ಲಿ ಎಲ್ಲರೂ ವಾಪಸು ಬಂದು ಕೂತರು. ಆಮೇಲೆ ಶುರುವಾಯಿತು. ನೀರು ಹಾಕಿದವನೇ ಆಡಬೇಕು, ಪದ್ಧತಿ ಪದ್ಧತಿಯೇ ಎಂದು ಕೆಲವರು. ಅಕ್ಕಿಯೋ ಕಲ್ಲೋ ತಿಳಿಯದ ಹುಡುಗ ಮಾಡಿದ್ದು ಪದ್ಧತಿ ಹೇಗಾಗುತ್ತದೆ ಎಂದು ಕೆಲವರು. ರೆಂಜೊ ಕಿವಿಯವರೆಗೂ ಕೆಂಪಾಗಿ ಕೂತಿದ್ದ. ಆವತ್ತಿನಿಂದ ಅವನಿಗೆ ಬ್ರೆಡ್ಡು ಎಂದು ಹೆಸರು ಬಿದ್ದಿದೆ, ಉಗಿಯಲ್ಲಿ ಉಬ್ಬಿದವನು ಎಂದು. ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. "ಗೊತ್ತಿಲ್ದೆ ಮಾಡಿದ್ದು ಲೆಕ್ಕಕ್ಕಿಲ್ಲ" ಎಂದು ನಾನು ಸೌಟು ತೊಳೆದು ಆರ್ವೋಗೆ ಚಾಚಿದೆ. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ತೆಗೆದುಕೊಂಡು ನೀರು ಹಾಕಿದ.

ಆಟದಲ್ಲಿ ಅವನು ಹೆಚ್ಚು ಎಸೆಯಲಿಲ್ಲ. ಚೆಂಡನ್ನು ಓಡುವವರ ಕೈಗೇ ಕೊಟ್ಟು ಕೊಟ್ಟು ಗೆಲ್ಲಿಸಿದ. ಜಾಣತನ. ಎಲ್ಲರೂ ಹಾಗೆಯೇ ಅಂದರು.

ಅಪ್ಪ


ಹಡಗಿನಿಂದ, ಡುಲೂತ್ ಬಂದರು
20 ಸೆಪ್ಟೆಂಬರ್

ಅಪ್ಪಾ,

ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಹುಡುಗರಿಗೆ ಓದಿ ಹೇಳಿದೆ. ಒಬ್ಬನಿಗೆ ಸಾರು ಮೂಗಿಗೆ ಹತ್ತಿತು. ಬ್ರೆಡ್ಡು ಮುಂದೇನು ಮಾಡಿದ ಎಂದು ದಿನಾ ಕೇಳುತ್ತಾರೆ. ನಿಮ್ಮ ತಂಡದ ಹೆಸರು ಈಗ ಇಡೀ ಹಡಗಿಗೆ ಗೊತ್ತು.

ಎಲ್ಲವನ್ನೂ ಬರೆದಿದ್ದೀಯ. ಪಾದ್ರಿಯ ಹೆಂಡತಿ ಹುಟ್ಟು ಹಾಕಿದ್ದನ್ನೂ ಬಿಟ್ಟಿಲ್ಲ. ಒಂದು ಮಾತ್ರ ಬಿಟ್ಟಿದ್ದೀಯ. ಆರ್ವೋ ಸೌಟನ್ನು ಯಾವ ಕೈಯಲ್ಲಿ ತೆಗೆದುಕೊಂಡ?

ಮುಂದಿನ ಶುಕ್ರವಾರ ನೋಡಿ ಅದನ್ನಷ್ಟೇ ಬರೆ.

ಹೆಲ್ಮಿ


ನಾರ್ತ್ ಶಾಫ್ಟ್
30 ಸೆಪ್ಟೆಂಬರ್, ಭಾನುವಾರ

ಪ್ರೀತಿಯ ಹೆಲ್ಮಿಗೆ,

ಈ ವಾರ ಮನೆಯ ಚಾವಣಿ ರಿಪೇರಿಗೆ ಕೈ ಹಾಕಿದೆ. ಬಡಗಣ ಮೂಲೆಯಲ್ಲಿ ಮೂರು ಹಲಗೆ ಕೊಳೆತಿದ್ದವು. ಮೂರೇ ಅಂದುಕೊಂಡು ಕಿತ್ತರೆ ಅದರ ಕೆಳಗಿನವೂ ಕೊಳೆತಿದ್ದವು. ಪೆನ್‌ಹೇಲ್ ಸಹಾಯಕ್ಕೆ ಬಂದ, ಆದರೆ ಅವನನ್ನು ಮೇಲೆ ಹತ್ತಿಸುವುದಕ್ಕೆ ಧೈರ್ಯ ಸಾಲದೆ ಮೊಳೆ ಎತ್ತಿಕೊಡುವ ಕೆಲಸಕ್ಕೆ ಇಟ್ಟುಕೊಂಡೆ. ಅವನ ಹೆಂಡತಿ ಮಾಂಸ ತುಂಬಿ ಬೇಯಿಸಿದ ಪ್ಯಾಸ್ಟಿ ಕಟ್ಟಿ ಕಳಿಸಿದ್ದಳು. ನನ್ನ ಪಾಲಿನದನ್ನೂ ಮೊಳೆ ಕಾಯುತ್ತಲೇ ತಿಂದ.

ಎಲೆಕೋಸು ಈ ಸಲ ಒಳ್ಳೆಯ ಗಾತ್ರ ಬಂದಿದೆ. ಎರಡು ಜಾಡಿ ಉಪ್ಪು ಹಾಕಿಟ್ಟಿದ್ದೇನೆ. ನಿಮ್ಮಮ್ಮ ಹಾಕುತ್ತಿದ್ದ ಕಲ್ಲನ್ನೇ ಮೇಲೆ ಹೇರಿದ್ದೇನೆ. ಬೆಳಗಿನ ಹೊತ್ತು ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗುತ್ತಿದೆ.

ತಂಡ ಇನ್ನೂ ಸೋತಿಲ್ಲ. ಬರುವ ತಿಂಗಳ ಕೊನೆಯ ಶನಿವಾರ ಐರನ್ ಬ್ರಿಜ್‌ನವರು ಬರುತ್ತಾರೆ. ಹೋದ ವರ್ಷ ಅವರ ಮೈದಾನದಲ್ಲಿ ನಮ್ಮನ್ನು ಮಣ್ಣು ಮುಕ್ಕಿಸಿದ್ದು ಯಾರೂ ಮರೆತಿಲ್ಲ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, ಯಾರನ್ನು ಆಡಿಸುತ್ತೀಯ ಎಂದು ಕೇಳುತ್ತಾರೆ. ಅದಕ್ಕೇ ಚಾವಣಿ ಹತ್ತಿದ್ದು. ಅಲ್ಲಿಗೆ ಯಾರೂ ಬರುವುದಿಲ್ಲ.

ಅಪ್ಪ


ಹಡಗಿನಿಂದ
9 ಅಕ್ಟೋಬರ್

ಅಪ್ಪಾ,

ಚಾವಣಿಯ ವಿಷಯ ಓದಿದೆ. ಎಲೆಕೋಸಿನ ವಿಷಯವನ್ನೂ ಓದಿದೆ.

ಯಾವ ಕೈ?

ಹೆಲ್ಮಿ


ನಾರ್ತ್ ಶಾಫ್ಟ್
16 ಅಕ್ಟೋಬರ್

ಹೆಲ್ಮಿ,

ಎಡಗೈ.

ಮೊದಲನೇ ಸಲವೂ ಎಡಗೈ. ಆಮೇಲಿನ ಪ್ರತಿ ಶುಕ್ರವಾರವೂ ಎಡಗೈ. ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿರುತ್ತಾನೆ, ಪಕ್ಕದಲ್ಲಿ ಕೂತ ಬೇರೆ ಯಾರದೋ ಕೈ ಎನ್ನುವ ಹಾಗೆ. ನಾನು ನೋಡಿದ್ದೇನೆ. ಪೆನ್‌ಹೇಲ್ ನೋಡಿದ್ದಾನೆ. ಒಳಗೆ ಕೂತವರೆಲ್ಲ ನೋಡಿದ್ದಾರೆಂದು ಕಾಣುತ್ತದೆ, ಆಗ ಎಲ್ಲರೂ ಒಟ್ಟಿಗೆ ಕಲ್ಲಿನ ಕಡೆ ತಿರುಗುತ್ತಾರೆ. ಬಟ್ಟೆಯಿಲ್ಲದೆ ಕೂತ ಜಾಗದಲ್ಲಿ ಒಬ್ಬರ ಮೈಯ ಬಗ್ಗೆ ಒಬ್ಬರು ಮಾತಾಡುವುದಿಲ್ಲ. ಅದೂ ನನ್ನಪ್ಪನ ಕಾಲದ ಪದ್ಧತಿ.

ನಿನ್ನೆ ಪೆನ್‌ಹೇಲ್‌ನನ್ನು ಮೂಲೆಗೆ ಕರೆದು ಕೇಳಿದೆ. "ಐನಾರ್, ಅವನ ಕೈ ದಿನಾ ನನ್ನ ತೊಡೆ ಸಂದೀಲಿ ಚೆಂಡಿಗೆ ಕಾಯ್ತಾ ಇರತ್ತೆ. ನನ್ನ ಹೆಂಡ್ತಿ ಕೈಗಿಂತ ಚೆನ್ನಾಗಿ ಗೊತ್ತು ನಂಗೆ ಆ ಕೈ. ಚಳಿಗೆ ನಡುಗೋದು ಬೇರೆ, ನೋವಿಗೆ ನಡುಗೋದು ಬೇರೆ" ಅಂದ. ಮತ್ತೆ ಯಾಕೋ ಹೇಳಲಿಲ್ಲ ಎಂದರೆ, ನೀನು ಯಾಕೆ ಕೇಳಲಿಲ್ಲ ಅಂದ.

ಅವನಿಗೆ ಹೆಗಲ ಮೇಲಕ್ಕೆ ಎಸೆಯಲಾಗುತ್ತಿಲ್ಲ. ಹತ್ತಿರದವರಿಗೆ ಪಕ್ಕದಿಂದ ಎಸೆದು, ಓಡುವವರಿಗೆ ಕೊಟ್ಟು, ತಲೆ ಓಡಿಸಿ, ಕೂಗು ಹಾಕಿ ಇಲ್ಲಿಯವರೆಗೆ ತಂದಿದ್ದಾನೆ. ಐರನ್ ಬ್ರಿಜ್‌ನವರು ಪೆದ್ದರಲ್ಲ. ಇವನು ದೂರ ಎಸೆಯುವುದಿಲ್ಲ ಎಂದು ಗೊತ್ತಾದರೆ ಎಲ್ಲರೂ ಮುಂದಕ್ಕೆ ಬಂದು ಅವನ ಮೇಲೆ ಬೀಳುತ್ತಾರೆ. ಆ ಹೆಗಲ ಮೇಲೆ ಇನ್ನೊಮ್ಮೆ ಬಿದ್ದರೆ ಅವನು ಕಂಬ ಹತ್ತುವ ಹಾಗಿಲ್ಲ.

ಇದೆಲ್ಲ ಗೊತ್ತಿದ್ದೂ ಆರು ಶುಕ್ರವಾರ ಸೌಟು ಅವನಿಗೇ ಕೊಟ್ಟೆ. ಯಾಕೆಂದರೆ ಕೊಡದಿದ್ದರೆ ಭಾನುವಾರ ಅವನು ಊಟಕ್ಕೆ ಬರದೆ ಹೋದಾನು ಎಂದು ಭಯ. ನಿನ್ನ ಕುರ್ಚಿ ಖಾಲಿಯಿದೆ. ಅವನದೂ ಖಾಲಿಯಾದರೆ ಉಪ್ಪಿನ ಎಲೆಕೋಸು ಎರಡು ಜಾಡಿ ಯಾಕೆ?

ಅಪ್ಪ


ಹಡಗಿನಿಂದ, ಸುಪೀರಿಯರ್ ಸರೋವರ
20 ಅಕ್ಟೋಬರ್

ಅಪ್ಪಾ,

ನೀನು ಹೇಳಿದೆ, ಆದ್ದರಿಂದ ನಾನೂ ಹೇಳುತ್ತೇನೆ.

ಹೋದ ವರ್ಷ ಐರನ್ ಬ್ರಿಜ್‌ನಿಂದ ಬಂದ ಮೇಲೆ ಒಂದು ಬೆಳಿಗ್ಗೆ ಆರ್ವೋ ಕನ್ನಡಿಯ ಮುಂದೆ ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ. ಬೈತಲೆ ಬೇರೆ ಕಡೆಗೆ ಹೋಗಿತ್ತು. ಯಾಕೆ ಎಂದು ಕೇಳಿದೆ. "ಹೀಗೇ" ಅಂದ. ಅಂಗಿಯ ಗುಂಡಿ ಹಾಕಲು ನನ್ನನ್ನು ಕರೆಯುತ್ತಿರಲಿಲ್ಲ, ಅಂಗಿಯನ್ನು ಗುಂಡಿ ಬಿಚ್ಚದೆ ತಲೆಯ ಮೇಲಿಂದ ತೆಗೆಯುವುದನ್ನೂ ಬಿಟ್ಟ. ಯಾಕೆ ಎಂದರೆ "ಹೀಗೇ." ಚಳಿಗಾಲ ಪೂರ್ತಿ ಅದೊಂದೇ ಮಾತು. ಗಾಳಿ ಬೀಸಿದ ರಾತ್ರಿಗಳಲ್ಲಿ ಕಂಬ ಹತ್ತಲು ಕರೆ ಬಂದರೆ ಅವನು ಬರುವವರೆಗೂ ನಾನು ಒಲೆಯ ಮುಂದೆ ಕೂತಿರುತ್ತಿದ್ದೆ. ಬಂದ ಮೇಲೆ ಹೇಗಿತ್ತು ಎಂದರೆ, "ಹೀಗೇ."

ನಾನು ಮನೆ ಬಿಟ್ಟದ್ದು ಆಟಕ್ಕಲ್ಲ ಅಪ್ಪ. ಈ ಒಂದು ಮಾತಿಗೆ.

ಈಗ ನೀನೇನು ಮಾಡಬೇಕೆಂದು ನನ್ನನ್ನು ಕೇಳಬೇಡ. ಮಗಳು ಬರೆದಳೆಂದು ಸೌಟನ್ನು ಹುಡುಗನಿಗೆ ಕೊಟ್ಟರೆ ಆರ್ವೋಗೆ ಗೊತ್ತಾಗುತ್ತದೆ, ಸೌಟು ಕಿತ್ತುಕೊಂಡವಳು ಇವಳೇ ಎಂದು ಜೀವನವಿಡೀ ಅದನ್ನು ನನ್ನ ಕೈಯಲ್ಲಿ ಹುಡುಕುತ್ತಾನೆ. ಅವನಿಗೆ ನೋವಾದೀತೆಂದು ಅವನಿಗೇ ಕೊಟ್ಟರೆ ಅದಕ್ಕಿಂತ ದೊಡ್ಡ ನೋವಾಗುತ್ತದೆ. ನೀನು ಕೋಚ್. ಯಾರು ಆಡಬಲ್ಲರು ಎಂದು ನೋಡಿ ಕೊಡು. ಕೊಡುವಾಗ ಹೊರಗೆ ಸೌದೆ ಸೀಳುತ್ತ ನಿಲ್ಲಬೇಡ.

ಹೆಲ್ಮಿ


ನಾರ್ತ್ ಶಾಫ್ಟ್
27 ಅಕ್ಟೋಬರ್, ಶನಿವಾರ ಸಂಜೆ

ಹೆಲ್ಮಿ,

ಆರ್ವೋ ಎಲ್ಲಿದ್ದಾನೆಂದು ನಿನಗೆ ಗೊತ್ತಿದ್ದರೆ ಮುಂದೆ ಓದುವ ಮೊದಲು ನನಗೆ ಒಂದು ಸಾಲು ಬರೆ. ಗೊತ್ತಿಲ್ಲದಿದ್ದರೆ ಓದು.

ನಿನ್ನೆ ನಾನು ಕೊಡಲಿ ಮುಟ್ಟಲಿಲ್ಲ. ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಕೂತೆ. ಒಬ್ಬೊಬ್ಬರೇ ಬಂದರು. ಆರ್ವೋ ತನ್ನ ಮೇಲಿನ ಹಲಗೆಗೆ ಹೋದ. ರೆಂಜೊ ಬಾಗಿಲ ಪಕ್ಕ, ಸೌಟಿನಿಂದ ಆದಷ್ಟು ದೂರ ಸರಿದು ಕೂತ. ನಾನು ಎದ್ದು ಸೌಟು ತೆಗೆದು, ನೀರಿನಲ್ಲಿ ಅದ್ದಿ, ರೆಂಜೊನ ಮುಂದೆ ಚಾಚಿದೆ.

ಅವನು ಎರಡೂ ಕೈಯನ್ನು ಮಂಡಿಯ ಕೆಳಗೆ ಸಿಕ್ಕಿಸಿಕೊಂಡ. "ಕೋಚ್, ಅದು ಆರ್ವೋದು."

"ಗೊತ್ತು."

"ಆವತ್ತು ಗೊತ್ತಿಲ್ದೆ ಮುಟ್ಟಿ ಮಾನ ಕಳ್ಕೊಂಡೆ. ಗೊತ್ತಿದ್ದೂ ಮುಟ್ಟು ಅಂದ್ರೆ ನನ್ ಕೈಲಾಗಲ್ಲ."

ಸೌಟಿನಿಂದ ನೀರು ಹಲಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ನನ್ನ ಕೈ ಸೋಲುತ್ತಿತ್ತು, ಆದರೆ ಹಿಂದಕ್ಕೆ ತೆಗೆದುಕೊಂಡರೆ ಇನ್ನೊಮ್ಮೆ ಚಾಚುವ ಶಕ್ತಿ ನನಗಿರಲಿಲ್ಲ. ಆಗ ಮೇಲಿನಿಂದ ಆರ್ವೋ, "ತಗೊಳ್ಳೋ ಬ್ರೆಡ್ಡು. ಮಾವನ ಕೈ ನೋಯ್ತಿದೆ" ಅಂದ.

ಮೈದಾನದಲ್ಲಾಗಲಿ ಸೌನಾದಲ್ಲಾಗಲಿ ಅವನು ನನ್ನನ್ನು ಕೋಚ್ ಎಂದು ಬಿಟ್ಟು ಬೇರೆ ಕರೆದವನಲ್ಲ. ಮಾವ ಎನ್ನುವುದು ನಮ್ಮ ಅಡುಗೆಮನೆಯ ಮೇಜಿಗೆ ಮಾತ್ರ ಸೇರಿದ್ದು.

ಆಮೇಲೆ ಅವನು ಎಲ್ಲರೂ ನೋಡುವ ಹಾಗೆ ಬಲಗೈ ಎತ್ತಿದ. ಅದು ಎದೆಯವರೆಗೆ ಬಂದು ನಿಂತಿತು. "ನೋಡ್ಕೊಳ್ಳಿ, ಇಷ್ಟೇ ಇರೋದು" ಅಂದ. ಹೋದ ವರ್ಷ ಐರನ್ ಬ್ರಿಜ್‌ನಲ್ಲಿ ಇಬ್ಬರು ಮೇಲೆ ಬಿದ್ದಾಗ ಹೆಗಲೊಳಗೆ ಒಣಕಡ್ಡಿ ಮುರಿದ ಹಾಗೆ ಸದ್ದಾಯಿತಂತೆ. ಜನರ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ, ತನಗೂ ಕೇಳಿಸಲಿಲ್ಲ ಎಂದುಕೊಂಡು ಬಿಟ್ಟನಂತೆ. ಒಂದು ವರ್ಷ ಒಂದೇ ತೋಳಿನಲ್ಲಿ, ಸೊಂಟದ ಬೆಲ್ಟನ್ನೇ ನಂಬಿ ಕಂಬ ಹತ್ತಿದ್ದಾನೆ. ಎಲ್ಲವನ್ನೂ ಹೇಳಿದ. ನಾವು ಮೊದಲ ಬಾರಿ ಕಲ್ಲಿನ ಕಡೆ ತಿರುಗದೆ ಅವನನ್ನೇ ನೋಡಿ ಕೇಳಿದೆವು.

"ಹೆಲ್ಮಿಗೆ ಗೊತ್ತಾ?" ಎಂದು ಪೆನ್‌ಹೇಲ್ ಕೇಳಿದ.

"ಕೇಳಿದ್ಳು" ಅಂದ ಆರ್ವೋ.

ರೆಂಜೊ ಸೌಟು ತೆಗೆದುಕೊಂಡ. "ನಡುವೆ ಸುರೀಬೇಡ. ಅಂಚಿಗೆ ಹಾಕು, ಸ್ವಲ್ಪ ಸ್ವಲ್ಪ. ಪೆನ್‌ಹೇಲ್ ಮತ್ತೆ ಓಡಿದ್ರೆ ಪಾದ್ರಿ ಹೆಂಡ್ತಿ ಊರೇ ಬಿಟ್ಬಿಡ್ತಾಳೆ" ಎಂದು ಆರ್ವೋ ಹೇಳಿಕೊಟ್ಟ. ಹುಡುಗ ಹಾಗೆಯೇ ಹಾಕಿದ. ಒಳ್ಳೆಯ ಹಬೆ ಬಂತು.

ಈ ಬೆಳಿಗ್ಗೆ ಸುಣ್ಣದ ಗೆರೆ ಎಳೆಯಲು ನಾನು ಮೈದಾನಕ್ಕೆ ಹೋದಾಗ ಇನ್ನೂ ಮಂಜು ಕರಗಿರಲಿಲ್ಲ. ಯಾರೂ ಕರೆಯದೆಯೇ ತಂಡವೆಲ್ಲ ಅಲ್ಲಿತ್ತು. ಪೆನ್‌ಹೇಲ್ ಬಗ್ಗಿದ್ದ, ಅವನ ಹಿಂದೆ ರೆಂಜೊ. ಪಕ್ಕದಲ್ಲಿ ಆರ್ವೋ ಕೋಟಿನ ಜೇಬಿನಲ್ಲಿ ಕೈಯಿಟ್ಟು ಕಣ್ಣು ಮುಚ್ಚಿ ನಿಂತಿದ್ದ. "ಇನ್ನೊಂದ್ಸಲ. ಗಂಟಲಿಂದ ಅಲ್ಲ, ಹೊಟ್ಟೆಯಿಂದ. ನೀನು ಬನ್ ಮಾರ್ತಿಲ್ಲ." ಎಷ್ಟು ಸಲ ಕೂಗಿಸಿದನೋ. ಕೊನೆಗೆ ಒಂದು ಸಲ ಸಾಲಿಗೆ ಸಾಲೇ ಒಟ್ಟಿಗೆ ಎದ್ದು ನುಗ್ಗಿತು, ಒಂದೇ ಮೈಯ ಹಾಗೆ. ಆರ್ವೋ ಕಣ್ಣು ತೆರೆದ. ಪೆನ್‌ಹೇಲ್‌ನ ಬೆನ್ನಿಗೆ ಎಡಗೈಯಲ್ಲಿ ಒಂದು ಏಟು ಕೊಟ್ಟು ಟ್ರಕ್ ಹತ್ತಿ ಹೋದ. ಬಟ್ಟೆ ಬದಲಿಸಿ ಆಟಕ್ಕೆ ಬರುತ್ತಾನೆ ಎಂದುಕೊಂಡೆ. ಬರಲಿಲ್ಲ.

ಸೋತೆವು. ಮೊದಲರ್ಧದಲ್ಲಿ ಹುಡುಗ ಎರಡು ಸಲ ಚೆಂಡು ಕೈಬಿಟ್ಟ. ಆಮೇಲೆ ಪಂಪ್‌ಹೌಸಿನ ಮೇಲೆ ಎಸೆದ ಹಾಗೆ ಎರಡು ಎಸೆದ, ನಮ್ಮವರು ಓಡಿ ಹಿಡಿದರು. ಇಪ್ಪತ್ತೊಂದಕ್ಕೆ ಹದಿನೇಳು. ಕೊನೆಯ ಎಸೆತ ಒಂದು ಗೇಣು ಮುಂದೆ ಬಿತ್ತು. ಕ್ಷೌರದ ಅಂಗಡಿಯವನು "ಆರ್ವೋ ಇದ್ದಿದ್ರೆ" ಎಂದು ಶುರುಮಾಡಿದ. ಪೆನ್‌ಹೇಲ್ ಅವನನ್ನು ಸುಮ್ಮನೆ ನೋಡಿದ. ಅವನು ಟೋಪಿ ಹಾಕಿಕೊಂಡು ಮನೆಗೆ ಹೋದ.

ಸೋತದ್ದು ನನ್ನನ್ನು ಕಾಡುತ್ತಿಲ್ಲ. ಆರ್ವೋನ ಮನೆಗೆ ಹೋಗಿ ಬಂದೆ. ಬಾಗಿಲು ಹಾಕಿದೆ, ಟ್ರಕ್ ಇಲ್ಲ. ಬೆಕ್ಕಿಗೆ ಹಾಲಿಟ್ಟಿದ್ದಾನೆ, ಎರಡು ಬಟ್ಟಲು. ಎರಡು ಬಟ್ಟಲು ಇಟ್ಟವನು ಇವತ್ತು ಬರುವವನಲ್ಲ. ನಾಳೆ ಭಾನುವಾರ. ಎರಡು ತಟ್ಟೆ ಇಡಲೋ ಒಂದು ಇಡಲೋ ತಿಳಿಯದೆ ಅಡುಗೆಮನೆಯಲ್ಲಿ ಓಡಾಡುತ್ತಿದ್ದೇನೆ.

ಅಪ್ಪ


ಹಡಗಿನಿಂದ, ಹ್ಯೂರನ್ ಸರೋವರ
28 ಅಕ್ಟೋಬರ್, ಭಾನುವಾರ

ಅಪ್ಪಾ,

ಆರ್ವೋ ನಿನ್ನೆ ಸಂಜೆ ಸೂ ಲಾಕಿನಲ್ಲಿದ್ದ. ನೀನು ಹುಡುಕುತ್ತಿರುತ್ತೀಯ ಎಂದು ಅದನ್ನು ಮೊದಲು ಬರೆದೆ.

ಹಡಗು ಗೋಡೆಗಳ ನಡುವೆ ನಿಂತಾಗ ನಾನು ಸಾರು ಬಡಿಸುತ್ತಿದ್ದೆ. ಡೆಕ್ಕಿನ ಹುಡುಗ ಓಡಿ ಬಂದ. "ಅಕ್ಕಾ, ಬೇಲಿ ಹತ್ರ ಯಾರೋ ನಿನ್ ಹೆಸರು ಕೂಗ್ತಿದಾನೆ. ಆ ಕೂಗಿಗೆ ನಾನೇ ಎದ್ದು ಓಡಕ್ಕೆ ಶುರು ಮಾಡ್ಬಿಟ್ಟೆ." ಯಾರೆಂದು ಕೇಳಬೇಕಾಗಿರಲಿಲ್ಲ. ಕೈಯಲ್ಲಿ ಸೌಟು ಹಿಡಿದುಕೊಂಡೇ ಹೋದೆ.

ಬೈತಲೆ ಇನ್ನೂ ಆ ಕಡೆಗೇ ಇತ್ತು. ಮುಖಕ್ಕೆ ಮುಖ ಕೊಟ್ಟು ನಿಂತಿದ್ದೆವು, ಬೇಲಿ ಮತ್ತು ಒಂದಿಷ್ಟು ನೀರು ಮಾತ್ರ ನಡುವೆ. ಏನು ಹೇಳಬೇಕೆಂದು ತಿಳಿಯದೆ ಹೇಗಿದ್ದೀಯ ಎಂದು ಕೇಳಿಬಿಟ್ಟೆ. ಅವನು ಬಾಯಿ ತೆರೆದ. ಆ ಮಾತನ್ನು ಇವನು ಹೇಳಿದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ ಎಂದುಕೊಂಡೆ.

"ತೋಳು ಹೋಗಿದೆ, ಹೆಲ್ಮಿ. ಹೋದ ವರ್ಷಾನೇ ಹೋಗಿದೆ" ಅಂದ.

ಹಡಗು ಇಳಿಯುತ್ತಿತ್ತು, ಅವನು ಹೇಳುತ್ತಿದ್ದ. ಸದ್ದು, ಬೆಲ್ಟು, ಸೌಟು, ನೀನು ಕೈ ಚಾಚಿ ನಿಂತದ್ದು. ಮೊದಲು ನೆಟ್ಟಗೆ ನಿಂತು ಹೇಳಿದ, ಆಮೇಲೆ ಬಗ್ಗಿ ಹೇಳಿದ, ಆಮೇಲೆ ಕೂಗಿ ಹೇಳಿದ. ಹಗ್ಗ ಸರಿಮಾಡುವ ನೆವದಲ್ಲಿ ನಿಂತಿದ್ದ ಹುಡುಗರು ನೆವ ಬಿಟ್ಟು ಕೇಳುತ್ತ ನಿಂತರು. ಏಪ್ರಿಲಿನಿಂದ ವಾರ ವಾರವೂ ಲಾಕಿನ ಆಫೀಸಿಗೆ ಫೋನ್ ಮಾಡಿ ನಮ್ಮ ಹಡಗು ಯಾವಾಗ ಬರುತ್ತದೆಂದು ತಿಳಿದುಕೊಳ್ಳುತ್ತಿದ್ದನಂತೆ. "ಪ್ರತಿ ಸಲ ಗೊತ್ತಿರ್ತಿತ್ತು. ಪ್ರತಿ ಸಲ ಏನೋ ಒಂದು ಕಂಬ, ಇಲ್ಲಾ ಆಟ ಇರ್ತಿತ್ತು" ಅಂದ.

ಇವತ್ತಿನದು ಏನಾಯಿತು ಎಂದು ನಾನು ಕೇಳಿದೆ. ಗೊತ್ತಿಲ್ಲವಂತೆ. ಟ್ರಕ್ಕಿನ ರೇಡಿಯೋ ಹಾಕಿಕೊಂಡೇ ಬಂದಿದ್ದಾನೆ. ಹದಿನಾಲ್ಕು ಸೊನ್ನೆಯಲ್ಲಿ ಹಿಂದಿದ್ದೆವು, ರೆಂಜೊ ಚೆಂಡು ಕೈಬಿಟ್ಟಿದ್ದ, ಅಷ್ಟರಲ್ಲಿ ದಾರಿಯಲ್ಲಿ ಸೆನಿಯ ಜೌಗು ಪ್ರದೇಶ ಬಂದು ರೇಡಿಯೋ ಗೊರಗೊರ ಎಂದು ಸುಮ್ಮನಾಯಿತು. ವಾಪಸು ತಿರುಗೋಣ ಅನ್ನಿಸಲಿಲ್ಲವೇ ಎಂದು ಕೇಳಿದೆ. "ಅನ್ನಿಸ್ತು. ಎರಡು ಸಲ ಗಾಡಿ ನಿಲ್ಲಿಸ್ದೆ" ಅಂದ. ಇದೂ ನಿಜ ಹೇಳಿದ. ಗೆದ್ದೆವೋ ಸೋತೆವೋ ಬರೆ ಅಪ್ಪ, ಅವನಿಗೂ ಬೇಗ ಹೇಳು.

ಅಷ್ಟು ಹೊತ್ತಿಗೆ ಗೋಡೆ ನನ್ನ ತಲೆಗಿಂತ ಎತ್ತರವಾಗಿತ್ತು. ಜನವರಿಯಲ್ಲಿ ನೀರು ಹೆಪ್ಪುಗಟ್ಟಿದಾಗ ಹಡಗನ್ನು ಬಂದರಿನಲ್ಲಿ ಕಟ್ಟಿಹಾಕುತ್ತಾರೆ, ಅಷ್ಟರೊಳಗೆ ಡಾಕ್ಟರಿಗೆ ತೋರಿಸಿಕೊಂಡಿರು, ನಾನು ಬಂದು ಕೇಳುತ್ತೇನೆ ಎಂದು ಕೂಗಿದೆ. ಮೇಲಿನಿಂದ ಉತ್ತರ ಬಂತೋ ಇಲ್ಲವೋ, ಗೇಟು ತೆರೆಯುವ ಸದ್ದಿನಲ್ಲಿ ಕೇಳಿಸಲಿಲ್ಲ. ಗೋಡೆಯ ಮೇಲೆ ಒಂದು ಎಡಗೈ ಆಡುತ್ತಿದ್ದುದು ಕಂಡಿತು. ಬಲಗೈಯನ್ನೂ ಎತ್ತಿದ್ದನೋ ಏನೋ. ಅದು ಕಾಣುವಷ್ಟು ಎತ್ತರಕ್ಕೆ ಬರುವುದಿಲ್ಲ.

ಇವತ್ತು ಬೆಳಿಗ್ಗೆ ಎಂದಿನಂತೆ ಓಟ್ಸ್ ಗಂಜಿಯ ಪಾತ್ರೆ ಮೇಜಿನ ಮೇಲಿಟ್ಟು ಸೌಟು ಹಾಕಿದೆ. ಮೊದಲು ಬಂದವನು ನಿನ್ನೆ ನನ್ನನ್ನು ಕರೆದ ಹುಡುಗ. ಸೌಟನ್ನು ಎಡಗೈಯಲ್ಲಿ ಹಿಡಿದು ಬಡಿಸಿಕೊಂಡ, ಅರ್ಧ ಮೇಜಿಗೆ ಚೆಲ್ಲಿದ. ಅವನ ಹಿಂದಿನವನೂ ಎಡಗೈ. ಅವನ ಹಿಂದಿನವನೂ. ಯಾರೂ ನಗಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. "ಏನ್ರೋ, ಎಲ್ರಿಗೂ ಒಟ್ಟಿಗೆ ಲಕ್ವಾ ಹೊಡೀತಾ" ಎಂದು ದೊಡ್ಡ ಅಡುಗೆಯವನು ಬೈಯುತ್ತ ಬಟ್ಟೆ ತಂದು ಒರೆಸಿದ. ಎಲ್ಲರದೂ ಆದ ಮೇಲೆ ನಾನು ಬಟ್ಟಲು ತೆಗೆದುಕೊಂಡು ಹೋದೆ. ನಾನೂ ಎಡಗೈಯಲ್ಲೇ ಬಡಿಸಿಕೊಂಡೆ.

ನಿನ್ನ,
ಹೆಲ್ಮಿ